ಜೋಡುನಳಿಗೆಯ ಜಾತಕ

ಹಳೆಯ ಬ್ರಿಟಿಷ್ ಜೋಡುನಳಿಗೆ ರೈಫಲ್ಲೊಂದು ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೆತ್ತಿದ ಹೆಸರಿಗೆ. ಲಂಡನ್ನಿನ ಯಾವುದೋ ಬೀದಿ, ಯಾವುದೋ ಹೆಸರಾಂತ ಅಂಗಡಿ. ಬಲ್ಲವರು ಅದನ್ನು ಕೊನೆಗೆ ಓದುತ್ತಾರೆ. ಅವರು ಮೊದಲು ನಳಿಗೆಯಡಿಯ ಮರದ ತುಂಡನ್ನು ಕಳಚುತ್ತಾರೆ, ನಳಿಗೆಗಳನ್ನು ಬಿಡಿಸಿ ಮಗುಚಿ ಹಿಡಿಯುತ್ತಾರೆ, ಹಿಂತುದಿಯ ಅಡಿಭಾಗವನ್ನು ಬೆಳಕಿಗೆ ಒಡ್ಡುತ್ತಾರೆ. ರೈಫಲ್ ಮುಚ್ಚಿದ್ದಾಗ ಯಾರಿಗೂ ಕಾಣದ ಜಾಗ ಅದು. ಅಲ್ಲಿ ಎರಡು ಬೆರಳಗಲದ ಚಪ್ಪಟೆ ಉಕ್ಕಿನ ಮೇಲೆ ಕಿರೀಟಗಳು, ಅಕ್ಷರಗಳು, ಅಂಕಿಗಳು ಒತ್ತೊತ್ತಾಗಿ ಕೂತಿರುತ್ತವೆ. ಮೇಲಿನ ಹೆಸರು ಗಿರಾಕಿಗಾಗಿ ಕೆತ್ತಿದ್ದು, ಈ ಗುರುತುಗಳು ಕಾನೂನಿಗಾಗಿ ಒತ್ತಿದವು. ವಯಸ್ಸು ತಿಳಿಯಬೇಕಾದರೆ ಎರಡನೆಯದನ್ನೇ ನಂಬಬೇಕು.

ಜೋಡುನಳಿಗೆ ರೈಫಲ್ ಎಂದರೆ ಒಂದೇ ಮರದ ಹಿಡಿಗೆ ಕೂಡಿಸಿದ ಎರಡು ಪೂರ್ತಿ ರೈಫಲ್‌ಗಳು. ಎರಡು ನಳಿಗೆ, ಎರಡು ಲಾಕ್, ಸಾಮಾನ್ಯವಾಗಿ ಎರಡು ಟ್ರಿಗರ್. ಮಲೆನಾಡಿನಲ್ಲಿ ಜೋಡುನಳಿಗೆ ಕೋವಿ ಎಂದೊಡನೆ ನೆನಪಾಗುವುದು ಚರೆ ಹಾರಿಸುವ, ಒಳಗೆ ನುಣುಪಾದ ಬಂದೂಕು. ಇದು ಬೇರೆ. ಇದರ ನಳಿಗೆಯೊಳಗೆ ಸುರುಳಿ ತೋಡುಗಳಿರುತ್ತವೆ, ಒಂಟಿ ಗುಂಡನ್ನು ತಿರುಗಿಸಿ ಕಳಿಸುತ್ತವೆ. ಮೈಮೇಲೆ ಬರುತ್ತಿರುವ ಆನೆಯ ಎದುರು ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಬೋಲ್ಟ್ ಎಳೆಯುವಷ್ಟು ಹೊತ್ತಿರುವುದಿಲ್ಲ, ಬೆರಳನ್ನು ಹಿಂದಿನ ಟ್ರಿಗರಿಗೆ ಜಾರಿಸುವಷ್ಟು ಹೊತ್ತು ಮಾತ್ರ ಇರುತ್ತದೆ. ಆಫ್ರಿಕ ಮತ್ತು ಇಂಡಿಯಾದ ಕಾಡುಗಳಿಗಾಗಿ ಲಂಡನ್, ಬರ್ಮಿಂಗ್‌ಹ್ಯಾಮ್, ಎಡಿನ್‌ಬರೊ, ಡಬ್ಲಿನ್ ನಗರಗಳ ಕಾರ್ಯಾಗಾರಗಳು ಇದನ್ನು ಕೈಯಿಂದಲೇ ಅರೆದು, ಉಜ್ಜಿ, ಕೂಡಿಸಿದವು.

ಕೈಯಿಂದ ಮಾಡಿದ್ದರಿಂದಲೇ ಕಾಲನಿರ್ಣಯ ಕಷ್ಟ. ಕಾರ್ಖಾನೆಯ ಮಾದರಿಗಳಿಗೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂಬ ಲೆಕ್ಕವಿರುತ್ತದೆ. ಇಲ್ಲಿ ಗಿರಾಕಿ ಹೇಳಿದ ಹಾಗೆ ಕೆಲಸ. ಹೊರಗೆ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಕಾಣದ ರೈಫಲ್‌ಗಳು ಬಂದು ಎಷ್ಟೋ ವರ್ಷಗಳಾದ ಮೇಲೂ ತನಗೆ ಕುದುರೆ ಕಾಣುವ ಹಳೆಯ ಬಗೆಯೇ ಬೇಕೆಂದು ಹಟ ಹಿಡಿದವರಿದ್ದರು, ಅವರಿಗೆ ಅದನ್ನೇ ಮಾಡಿಕೊಟ್ಟರು. ಹೀಗಾಗಿ ರೂಪ ನೋಡಿ ವಯಸ್ಸು ಹೇಳುವವರು ಇಪ್ಪತ್ತು ವರ್ಷ ಎಡವುವುದು ಮಾಮೂಲು.

ಆದ್ದರಿಂದ ನಳಿಗೆಯಡಿಯ ಮುದ್ರೆಗಳಿಗೆ ಬರೋಣ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಶಾಸನ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿತು. ಎರಡರ ಕೆಲಸವೂ ಒಂದೇ: ಪ್ರತಿ ನಳಿಗೆಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಸಿಡಿಸಿ, ಬಿರಿಯದೆ ಉಳಿದದ್ದಕ್ಕೆ ಮುದ್ರೆ ಒತ್ತುವುದು. ಈ ಮುದ್ರೆಯಿಲ್ಲದೆ ಮಾರುವುದು ಅಪರಾಧ. ಲಂಡನ್ನಿನದು ಕಿರೀಟದಡಿ ಹೆಣೆದುಕೊಂಡ ‘ಜಿಪಿ’, ಜೊತೆಗೆ ಕಿರೀಟದಡಿ ‘ವಿ’. ಬರ್ಮಿಂಗ್‌ಹ್ಯಾಮಿನದು ಅಡ್ಡಡ್ಡ ಇಟ್ಟ ಎರಡು ರಾಜದಂಡಗಳು, ಅವುಗಳ ಸಂದಿನಲ್ಲಿ ಬಿ, ಸಿ, ಪಿ ಅಕ್ಷರಗಳು. ನಿಯಮಗಳು 1855, 1868, 1875, 1887, 1896, 1904, 1925, 1954ರಲ್ಲಿ ಬದಲಾದವು, ಹಲವು ಸಲ ಮುದ್ರೆಗಳೂ ಜೊತೆಗೆ ಬದಲಾದವು. ಹಳೆಯ ಜಮೀನಿನ ಪಹಣಿಯಲ್ಲಿ ಒಂದರ ಕೆಳಗೊಂದು ಕೂತ ಮ್ಯುಟೇಶನ್ ನಮೂದುಗಳ ಹಾಗೆ, ಯಾವ ವರ್ಷದ ಕಾನೂನು ಈ ಉಕ್ಕನ್ನು ಮುಟ್ಟಿತು ಎಂಬುದು ಇಲ್ಲಿ ಸಾಲಾಗಿ ಸಿಗುತ್ತದೆ.

ಇದರಲ್ಲಿ ಅತಿ ದೊಡ್ಡ ಗಡಿಗೆರೆ 1904. ಆ ವರ್ಷ ಬರ್ಮಿಂಗ್‌ಹ್ಯಾಮ್ ರಾಜದಂಡಗಳನ್ನು ಬಿಟ್ಟು ಕಿರೀಟದಡಿ ‘ಬಿಪಿ’, ‘ಬಿವಿ’ ಎಂದು ಒತ್ತತೊಡಗಿತು. ಹೊಗೆರಹಿತ ಮದ್ದಿನ ಪರೀಕ್ಷೆ ಪಾಸಾದವಕ್ಕೆ ‘ಎನ್‌ಪಿ’ ಬಂತು. ಲಂಡನ್ನಿನಲ್ಲಿ ಅದೇ ‘ಎನ್‌ಪಿ’ಯ ಮೇಲೆ ಕತ್ತಿ ಹಿಡಿದ ತೋಳು. 1896ರಿಂದ 1904ರವರೆಗೆ ಈ ಪರೀಕ್ಷೆ ತಯಾರಕನ ಇಷ್ಟಕ್ಕೆ ಬಿಟ್ಟದ್ದಾಗಿತ್ತು, ಮಾಡಿಸಿದ್ದರೆ ಅದನ್ನು ಇಂಗ್ಲಿಷ್ ಪದಗಳಲ್ಲೇ ಬರೆಯುತ್ತಿದ್ದರು. ಆದ್ದರಿಂದ ಪದಗಳಿದ್ದರೆ ಒಂದು ಕಾಲ, ಕಿರೀಟದ ‘ಎನ್‌ಪಿ’ ಇದ್ದರೆ ಇನ್ನೊಂದು. ಆದರೆ ಮುದ್ರೆ ಹೇಳುವುದು ಪರೀಕ್ಷೆಯ ಕಾಲವನ್ನು, ರೈಫಲ್ ಹುಟ್ಟಿದ ಕಾಲವನ್ನಲ್ಲ. 1880ರ ಸುಮಾರಿನ ರೈಫಲ್ಲಿನ ಅಡಿಯಲ್ಲಿ ಚದರ ಇಂಚಿಗೆ ಇಷ್ಟು ಟನ್ ಎಂಬ ಅಂಕಿ ಇದ್ದರೆ, ಅದನ್ನು 1954ರ ನಂತರ ಯಾರೋ ರಿಪೇರಿ ಮಾಡಿಸಿ ಮತ್ತೆ ಪರೀಕ್ಷೆಗೆ ಒಡ್ಡಿದ್ದಾರೆ ಎಂದರ್ಥ. ಅಂಥ ಕಡೆ ಹಳೆಯ ಮುದ್ರೆ ಹೊಸದರ ಪಕ್ಕದಲ್ಲೇ ಸವೆದು ಕೂತಿರುತ್ತದೆ. ಹುಡುಕಲು ಭೂತಗನ್ನಡಿ ಬೇಕು, ತಾಳ್ಮೆಯೂ ಬೇಕು.

ಮುದ್ರೆಗಳ ನಡುವೆ 12, 8, 4 ಎಂಬಂಥ ಅಂಕಿಯೂ ಇರಬಹುದು. ಅದೇ ಬೋರ್. ಇದರ ಲೆಕ್ಕ ತಲೆಕೆಳಗು: ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ದುಂಡು ಗುಂಡು ಎರೆಯಬಹುದೋ ಅದೇ ಬೋರ್ ಸಂಖ್ಯೆ. ಅಂಕಿ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. 12-ಬೋರಿನ ಗುಂಡು ಸುಮಾರು 38 ಗ್ರಾಂ, ಅಗಲ 18.5 ಮಿಲಿಮೀಟರ್. 8-ಬೋರಿನದು 57 ಗ್ರಾಂ, 21 ಮಿಲಿಮೀಟರ್. 4-ಬೋರಿನದು 113 ಗ್ರಾಂ ತೂಗಿದರೂ ಅಗಲ ಬರೀ 27 ಮಿಲಿಮೀಟರಿನ ಹತ್ತಿರ. ತೂಕ ಮೂರು ಪಟ್ಟು ಏರಿದರೂ ಅಗಲ ಒಂದೂವರೆ ಪಟ್ಟೂ ಆಗದಿರುವುದು ಗೋಲದ ಗಣಿತ, ಗಾತ್ರ ಘನದ ಲೆಕ್ಕದಲ್ಲಿ ಏರುತ್ತದೆ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ 4-ಬೋರ್, 8-ಬೋರ್ ದೈತ್ಯರ ಬಗ್ಗೆ ಬರೆದಿದ್ದಾನೆ. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗ ಒಂದು ಮಟ್ಟ ಮೀರಿ ಏರುತ್ತಿರಲಿಲ್ಲ. ಆನೆಯ ತಲೆಬುರುಡೆಗೆ ತೂಕದಿಂದಲೇ ಉತ್ತರ ಹೇಳಬೇಕಿತ್ತು.

ವೇಗದ ದಾರಿ ಹಿಡಿದವನು ಕಿರಿಯ ಜೇಮ್ಸ್ ಪರ್ಡಿ. 1856ರಲ್ಲಿ ಅವನು ಹಗುರ ಗುಂಡಿನ ಹಿಂದೆ ಹೆಚ್ಚು ಮದ್ದು ತುಂಬಿದ ರೈಫಲ್ ಮಾಡಿ ಅದಕ್ಕೆ ಎಕ್ಸ್‌ಪ್ರೆಸ್ ರೈಲಿನ ಹೆಸರಿಟ್ಟ. ‘ಎಕ್ಸ್‌ಪ್ರೆಸ್’ ಎಂಬ ಮಾತು ಮುಂದೆ ಇಡೀ ಜಾತಿಗೇ ಅಂಟಿತು. ಆಮೇಲೆ ಕಾರ್ಡೈಟ್ ಬಂತು. ನೈಟ್ರೋಗ್ಲಿಸರಿನ್, ಗನ್‌ಕಾಟನ್, ಒಂದಿಷ್ಟು ವ್ಯಾಸಲೀನ್ ಬೆರೆಸಿ ನೂಲಿನಂತೆ ಹಿಂಡಿದ ಹೊಗೆರಹಿತ ಮದ್ದು. 1898ರಲ್ಲಿ ಜಾನ್ ರಿಗ್ಬಿ ಕಂಪನಿ ಇದನ್ನು ಬಳಸಿ .450 (ಇಂಚಿನ ಲೆಕ್ಕದ ಅಗಲ) ನೈಟ್ರೋ ಎಕ್ಸ್‌ಪ್ರೆಸ್ ತೋಟಾ ತಂದಿತು. 31 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 655 ಮೀಟರ್ ವೇಗದಲ್ಲಿ ಹೊರಟಿತು. 4-ಬೋರಿನ ಹೊರೆ ಹೊರುವ ಕೆಲಸ ಅಲ್ಲಿಗೆ ಮುಗಿಯಿತು.

ಪತ್ತೇದಾರಿಕೆಯ ಅತಿ ಸಿಕ್ಕಲಿನ ಗಂಟು ಬಿದ್ದದ್ದೂ ಇಲ್ಲೇ.

ರಿಗ್ಬಿ ಹೊಸ ತೋಟಾಕ್ಕೆ ಹೊಸ ಅಳತೆ ಹುಡುಕಲಿಲ್ಲ. ಕರಿಮದ್ದಿನ ಕಾಲದ, ಮೂರೂಕಾಲು ಇಂಚು ಉದ್ದದ .450 ಎಕ್ಸ್‌ಪ್ರೆಸ್ ತೋಟಾದ ಹಿತ್ತಾಳೆ ಕೊಳವೆಯನ್ನೇ ಎತ್ತಿಕೊಂಡಿತು. ಹಾಗಾಗಿ 1880ರ ದಶಕದ ಕರಿಮದ್ದಿನ ರೈಫಲ್ಲಿಗೂ 1900ರ ಕಾರ್ಡೈಟ್ ರೈಫಲ್ಲಿಗೂ ತೋಟಾ ಕೂರುವ ಗೂಡು ಒಂದೇ. ಹೊಸ ತೋಟಾ ಹಳೆಯದರಲ್ಲಿ ಸರಾಗವಾಗಿ ಕೂರುತ್ತದೆ. ಆದರೆ ಆ ಒತ್ತಡಕ್ಕೆ ಹಳೆಯ ನಳಿಗೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಇಲ್ಲಿ ತಪ್ಪು ಗುರುತಿಸಿದರೆ ಹರಾಜಿನ ಬೆಲೆಯ ಜೊತೆಗೆ ಹಾರಿಸುವವನ ಬೆರಳುಗಳೂ ಹೋಗಬಹುದು.

ಗೂಡಿನ ಆಕಾರವನ್ನು ತಿಳಿಯುವ ವಿಧಾನ ಸೊಗಸಾದದ್ದು. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಬೆರೆಸಿದ ಸೆರೊಸೇಫ್ ಎಂಬ ಮಿಶ್ರಲೋಹವನ್ನು ಬಳಸುತ್ತಾರೆ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿ 88ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ, ಅಂದರೆ ಕುದಿಯುವ ನೀರಿಗಿಂತ ಕಡಿಮೆ ಬಿಸಿ. ನಳಿಗೆಯೊಳಗೆ ಬಟ್ಟೆ ತುರುಕಿ ತಡೆ ಮಾಡಿ, ಇದನ್ನು ಎರೆದು, ಗಟ್ಟಿಯಾದ ಮೇಲೆ ಹೊರಕ್ಕೆ ತಳ್ಳುತ್ತಾರೆ. ಮಾಮೂಲಿ ಲೋಹ ತಣಿದಾಗ ಕುಗ್ಗಿ ಅಷ್ಟಕ್ಕೇ ನಿಲ್ಲುತ್ತದೆ. ಇದು ಮೊದಲು ಕುಗ್ಗುತ್ತದೆ, ಹಾಗಾಗಿ ಸುಲಭವಾಗಿ ಕಳಚಿ ಬರುತ್ತದೆ. ಆಮೇಲೆ ನಿಧಾನವಾಗಿ ಹಿಗ್ಗುತ್ತಾ ಸುಮಾರು ಒಂದು ಗಂಟೆಯ ಹೊತ್ತಿಗೆ ಗೂಡಿನ ನಿಜವಾದ ಅಳತೆಗೆ ಬರುತ್ತದೆ. ಅಳೆಯಬೇಕಾದ್ದು ಆಗಲೇ. ಮರೆತು ವಾರ ಬಿಟ್ಟು ಅಳೆದರೆ ಇಂಚಿಗೆ ಸಾವಿರದಲ್ಲಿ ಎರಡೂವರೆ ಭಾಗದಷ್ಟು ಉಬ್ಬಿರುತ್ತದೆ. ಬಿಸ್ಮತ್ತಿನ ಗುಣವಿದು, ನೀರಿನಂತೆ ಅದೂ ಹೆಪ್ಪುಗಟ್ಟುವಾಗ ಹಿಗ್ಗುತ್ತದೆ.

ಈ ಅಚ್ಚು ತೋಟಾದ ಹೆಸರನ್ನು ಹೇಳುತ್ತದೆ, ಮದ್ದಿನ ಜಾತಿಯನ್ನು ಹೇಳುವುದಿಲ್ಲ. ಅದಕ್ಕೆ ಮೂರು ಬೇರೆ ಸಾಕ್ಷಿ ಬೇಕು. ಮೊದಲನೆಯದು ತೂಕ. ಕರಿಮದ್ದಿನ .450 ಜೋಡುನಳಿಗೆ ಸಾಮಾನ್ಯವಾಗಿ ನಾಲ್ಕು ಕಿಲೋ ಆಸುಪಾಸು, ಕಾರ್ಡೈಟಿನದು ಐದು ಕಿಲೋ. ಗುಂಡಿನ ಭಾರ ಮತ್ತು ವೇಗ ಎರಡೂ ಏರಿದಾಗ ಹೆಗಲಿಗೆ ಬಡಿಯುವ ಒದೆತವೂ ಏರುತ್ತದೆ. ಅದನ್ನು ತಡೆಯಲು ತಯಾರಕ ರೈಫಲ್ಲನ್ನೇ ಭಾರ ಮಾಡುತ್ತಾನೆ. ಎರಡನೆಯದು ಮುದ್ರೆ. 1904ರ ನಂತರದ ಕಾರ್ಡೈಟ್ ರೈಫಲ್ಲಿನ ಅಡಿಯಲ್ಲಿ ಎಷ್ಟು ಗ್ರೇನ್ ಕಾರ್ಡೈಟ್, ಎಷ್ಟು ಗ್ರೇನ್ ಗುಂಡು ಎಂದು ಗರಿಷ್ಠ ಮಿತಿ ಕೊರೆದಿರುತ್ತಾರೆ. .450ಕ್ಕೆ ಅದು 70 ಮತ್ತು 480, ಈ 480 ಗ್ರೇನೇ ಮೇಲೆ ಹೇಳಿದ 31 ಗ್ರಾಂ. ಇಂಥ ಅಂಕಿಯಿದ್ದರೆ ಗೊಂದಲವಿಲ್ಲ. 1898ರಿಂದ 1904ರ ನಡುವಿನ ರೈಫಲ್ಲಿನಲ್ಲಿ ಅದು ಇಲ್ಲದೆಯೂ ಇರಬಹುದು, ಹಾಗಾಗಿ ಇಲ್ಲವೆಂದ ಮಾತ್ರಕ್ಕೆ ಕರಿಮದ್ದಿನದೆಂದು ತೀರ್ಮಾನಿಸುವಂತಿಲ್ಲ.

ಮೂರನೆಯ ಸಾಕ್ಷಿ ಗುರಿ. ಮೇಲ್ನೋಟಕ್ಕೆ ಎರಡು ನಳಿಗೆಗಳು ಸಮಾನಾಂತರ ಇದ್ದಂತೆ ಕಾಣುತ್ತವೆ. ನಿಜವಾಗಿ ಅವು ಮುಂದಕ್ಕೆ ಹೋದಂತೆ ಒಂದರ ಕಡೆಗೊಂದು ವಾಲುತ್ತವೆ. ಬಲನಳಿಗೆ ರೈಫಲ್ಲಿನ ನಡುಗೆರೆಯಿಂದ ಬಲಕ್ಕಿರುವುದರಿಂದ, ಹಾರಿಸಿದಾಗ ರೈಫಲ್ ಹಿಂದಕ್ಕೆ ಒದೆಯುವುದರ ಜೊತೆಗೆ ಬಲಕ್ಕೂ ಮೇಲಕ್ಕೂ ತಿರುಗುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸುಮಾರು ಐನೂರರಲ್ಲಿ ಒಂದು ಭಾಗ. ಅಷ್ಟರಲ್ಲೇ ಈ ತಿರುಗಾಟ ಶುರುವಾಗಿರುತ್ತದೆ. ಎಡನಳಿಗೆ ಹಾರಿದಾಗ ಇದೇ ತಿರುಗಾಟ ಎಡಕ್ಕೂ ಮೇಲಕ್ಕೂ. ನಳಿಗೆಗಳನ್ನು ನೇರವಾಗಿ ಬೆಸೆದರೆ ಗುಂಡುಗಳು ಚದುರುತ್ತವೆ. ಅದಕ್ಕೇ ಕುಶಲಕರ್ಮಿ ನಳಿಗೆಗಳ ತುದಿಯಲ್ಲಿ ಒಂದು ಬೆಣೆ ಇಟ್ಟು ಬೆಸುಗೆ ಹಾಕಿ ಹಾರಿಸುತ್ತಿದ್ದ, ನೋಡುತ್ತಿದ್ದ, ಬೆಸುಗೆ ಕಾಯಿಸಿ ಬೆಣೆಯನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ, ಮತ್ತೆ ಹಾರಿಸುತ್ತಿದ್ದ. ಎರಡು ಗುಂಡೂ ಒಂದೇ ಕಡೆ ಬೀಳುವವರೆಗೆ ಇದೇ ಕೆಲಸ. ಇಷ್ಟು ದುಬಾರಿ ರೈಫಲ್ಲಿನ ಬೆಲೆಯಲ್ಲಿ ದೊಡ್ಡ ಪಾಲು ಕೆತ್ತನೆಗಿಂತ ಈ ಬೆವರಿಗೆ ಸಲ್ಲಬೇಕು.

ಹೀಗೆ ಹೊಂದಿಸಿದ ನಳಿಗೆಗಳು ಒಂದೇ ಒಂದು ತೋಟಾಕ್ಕೆ ನಿಷ್ಠವಾಗಿರುತ್ತವೆ. ಮದ್ದು ಅಥವಾ ಗುಂಡಿನ ತೂಕ ಬದಲಾದರೆ ಎಡ-ಬಲ ಒಂದಾಗುವುದಿಲ್ಲ. ಪೆಟ್ಟಿಗೆಯ ಮುಚ್ಚಳದೊಳಗಿನ ಚೀಟಿಯಲ್ಲಿ ಯಾವ ಮದ್ದು, ಎಷ್ಟು, ಯಾವ ಗುಂಡು ಎಂದು ಬರೆದಿದ್ದರೆ ಅದು ಅಲಂಕಾರವಲ್ಲ, ಆ ರೈಫಲ್ ಯಾವ ಮದ್ದಿಗೆ ಹುಟ್ಟಿತು ಎಂಬುದರ ದಾಖಲೆ.

ಇನ್ನೊಂದು ಗಡಿಗೆರೆ ಎಳೆದದ್ದು ಬ್ರಿಟಿಷ್ ಆಡಳಿತ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡೂ .450 ಅಳತೆಯದೇ, 480 ಗ್ರೇನ್ ತೂಕದ್ದೇ. ಶಿಕಾರಿಯ .450 ತೋಟಾಗಳಿಂದ ಗುಂಡು ಕಿತ್ತು ಬಂಡಾಯಗಾರರು ಮಾರ್ಟಿನಿಗಳಿಗೆ ತುಂಬಿಕೊಂಡಾರು ಎಂಬ ಅಂಜಿಕೆಯಿಂದ 1907ರಲ್ಲಿ ಇಂಡಿಯಾ ಮತ್ತು ಸುಡಾನ್‌ಗಳಲ್ಲಿ .450 ಅಳತೆಗೆ ನಿಷೇಧ ಬಂತು. ಲಂಡನ್ನಿನ ಅಂಗಡಿಗಳಿಗೆ ಇಂಡಿಯಾ ದೊಡ್ಡ ಮಾರುಕಟ್ಟೆ. ನಿಷೇಧದ ಪಕ್ಕದಲ್ಲೇ ನುಸುಳುವ ಅಳತೆಗಳು ಸಾಲಾಗಿ ಹೊರಬಂದವು. ಹಾಲೆಂಡ್ ಅಂಡ್ ಹಾಲೆಂಡಿನ .500/.465, ಜೋಸೆಫ್ ಲ್ಯಾಂಗನ .470, ವೆಸ್ಲಿ ರಿಚರ್ಡ್ಸ್‌ನ .476, ಜೆಫ್ರಿಯ .475 ನಂಬರ್ 2. ಆನೆಗೆ ಇವುಗಳ ನಡುವೆ ಏನೂ ವ್ಯತ್ಯಾಸ ಗೊತ್ತಾಗಿರಲಾರದು. ಗುಮಾಸ್ತನೊಬ್ಬನ ಆದೇಶಕ್ಕೆ ಲೋಹಶಾಸ್ತ್ರ ಕೊಟ್ಟ ಉತ್ತರಗಳಿವು, ಇಂದಿನ ಪತ್ತೇದಾರನಿಗೆ ಮಾತ್ರ ವರ. ಅಚ್ಚು ಎರೆದಾಗ .465 ಕಂಡರೆ ಆ ರೈಫಲ್ 1907ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ತಿರುಗಿಸಿ ಹೇಳಲು ಮಾತ್ರ ಬರುವುದಿಲ್ಲ. .450 ಕಂಡರೆ ಅದು 1907ಕ್ಕಿಂತ ಹಿಂದಿನದೇ ಆಗಬೇಕಿಲ್ಲ, ಆಫ್ರಿಕದ ಗಿರಾಕಿಗಳಿಗೆ ಅದು ಮುಂದೆಯೂ ಹೋಗುತ್ತಿತ್ತು.

ಜಿಮ್ ಕಾರ್ಬೆಟ್‌ನ ಜೋಡುನಳಿಗೆ ಜೆಫ್ರಿ ಕಂಪನಿಯ .450/.400. ಹೆಸರಿನಲ್ಲಿ .450 ಇದ್ದರೂ ನಿಷೇಧ ಅದನ್ನು ಮುಟ್ಟಲಿಲ್ಲ, ಏಕೆಂದರೆ ಮೊದಲ ಅಂಕಿ ಹಿತ್ತಾಳೆ ಕೊಳವೆಯದು, ಗುಂಡಿನದು ಎರಡನೆಯದು. ತೇಜಸ್ವಿಯವರಿಂದ ಕನ್ನಡಕ್ಕೆ ಬಂದ ಕೆನೆತ್ ಆಂಡರ್ಸನ್‌ನ ಪ್ರಸಿದ್ಧ .405 ವಿಂಚೆಸ್ಟರ್ ಈ ಕುಲಕ್ಕೆ ಸೇರಿದ್ದಲ್ಲ, ಅಮೆರಿಕದ ಲಿವರ್ ರೈಫಲ್. ಸೈನ್ಯದ ಅಳತೆ ಜನರ ಕೈಗೆ ಬೇಡವೆಂಬ ಆ ಹಳೆಯ ಅಂಜಿಕೆ ‘ನಿಷೇಧಿತ ಬೋರ್’ ಎಂಬ ಹೆಸರಿನಲ್ಲಿ ನಮ್ಮ ಪರವಾನಗಿ ಕಾನೂನಿನಲ್ಲಿ ಇಂದಿಗೂ ಉಳಿದಿದೆ. ನಮ್ಮ ಆರ್ಡ್ನೆನ್ಸ್ ಕಾರ್ಖಾನೆ .303ರ ಬದಲು .315 ಶಿಕಾರಿ ರೈಫಲ್ ಮಾಡಿದ್ದರ ಹಿಂದಿರುವುದೂ ಅದೇ.

ಕರಿಮದ್ದಿನ ಕಾಲದ ರೈಫಲ್‌ಗಳಿಗೆ ಪೇಟೆಂಟ್‌ಗಳು ನೆರವಾಗುತ್ತವೆ. ನಳಿಗೆಯನ್ನು ಬಾಗಿಸಿ ತೆರೆದು ಮತ್ತೆ ಬಿಗಿಯುವ ಯಂತ್ರಕ್ಕಾಗಿ ಹತ್ತೊಂಬತ್ತನೇ ಶತಮಾನದ ಎರಡನೆಯ ಅರ್ಧದಲ್ಲಿ ಇಂಗ್ಲೆಂಡಿನವರು ಹುಚ್ಚು ಹಿಡಿದವರಂತೆ ಪೇಟೆಂಟ್ ಪಡೆದರು. ಹೆನ್ರಿ ಜೋನ್ಸ್‌ನ ಕೆಳಸನ್ನೆ 1859ರದ್ದು, ಪರ್ಡಿಯ ಜಾರುಬೋಲ್ಟ್ 1863ರದ್ದು, ಕುದುರೆಯನ್ನು ಹೊಟ್ಟೆಯೊಳಗೆ ಅಡಗಿಸಿದ ಆನ್ಸನ್ ಮತ್ತು ಡೀಲಿ ಜೋಡಿಯ ಬಾಕ್ಸ್‌ಲಾಕ್ 1875ರದ್ದು. ಪೇಟೆಂಟಿನ ಆಯುಸ್ಸು ಆಗ 14 ವರ್ಷ. ಅಷ್ಟು ಕಾಲ ಬೇರೆಯವರು ಆ ಯಂತ್ರ ಬಳಸಿದರೆ ರಾಯಧನ ಕಟ್ಟಬೇಕು, ಕಟ್ಟಿದ್ದಕ್ಕೆ ಬಳಕೆಯ ಕ್ರಮಸಂಖ್ಯೆಯನ್ನು ಉಕ್ಕಿನ ಮೇಲೆ ಒತ್ತುತ್ತಿದ್ದರು. ಬೇರೊಬ್ಬ ತಯಾರಕನ ರೈಫಲ್ಲಿನಲ್ಲಿ ಪರ್ಡಿ ಪೇಟೆಂಟಿನ ಬಳಕೆ ಸಂಖ್ಯೆ ಕಂಡರೆ ಅದು 1863 ಮತ್ತು 1877ರ ನಡುವೆ ಹುಟ್ಟಿತೆಂದು ಬಹುಮಟ್ಟಿಗೆ ಹೇಳಬಹುದು. 1877ರ ನಂತರ ಕಾಸು ಕೊಡದೆ ಮಾಡಬಹುದಾದ್ದಕ್ಕೆ ಸಂಖ್ಯೆ ಯಾರು ಒತ್ತುತ್ತಾರೆ? ಜೋನ್ಸನ ಕೆಳಸನ್ನೆ ಮಾತ್ರ ಮೋಸ ಮಾಡುತ್ತದೆ. ಪೇಟೆಂಟ್ ತೀರಿದ ಮೇಲೆ ಅದು ಪುಕ್ಕಟೆಯಾಯಿತು, ಗಟ್ಟಿಯಾಗಿಯೂ ಇತ್ತು, ಹಾಗಾಗಿ ಭಾರಿ ರೈಫಲ್‌ಗಳಲ್ಲಿ ದಶಕಗಳ ಕಾಲ ಉಳಿಯಿತು.

ಇಷ್ಟಾದ ಮೇಲೆ ಪಟ್ಟಿಯ ಮೇಲಿನ ಹೆಸರು ಓದಲು ಅಡ್ಡಿಯಿಲ್ಲ. ಕೆಲವು ವಿಳಾಸಗಳು ಉಪಕಾರಿ. ಪರ್ಡಿ 1826ರಿಂದ ಆಕ್ಸ್‌ಫರ್ಡ್ ಸ್ಟ್ರೀಟಿನ 314½ರಲ್ಲಿದ್ದು 1880ರ ದಶಕದ ಮೊದಲಲ್ಲಿ ಸೌತ್ ಆಡ್ಲಿ ಸ್ಟ್ರೀಟಿಗೆ ಹೋಯಿತು. ರಿಗ್ಬಿ ತನ್ನ ಡಬ್ಲಿನ್ ವ್ಯಾಪಾರವನ್ನು 1897ರಲ್ಲಿ ಮಾರಿತು, ಹಾಗಾಗಿ ‘ಡಬ್ಲಿನ್’ ಸೇರಿದ್ದರೆ ಅದಕ್ಕಿಂತ ಹಿಂದಿನದು. ತಂಬಾಕು ವ್ಯಾಪಾರಿಯಾಗಿದ್ದ ಹ್ಯಾರಿಸ್ ಹಾಲೆಂಡ್ ಸೋದರಳಿಯನನ್ನು ಕೂಡಿಸಿಕೊಂಡು ‘ಹಾಲೆಂಡ್ ಅಂಡ್ ಹಾಲೆಂಡ್’ ಆದದ್ದು 1876ರಲ್ಲಿ. ಅವರ ನ್ಯೂ ಬಾಂಡ್ ಸ್ಟ್ರೀಟ್ ವಿಳಾಸ ಮಾತ್ರ 1866ರಿಂದ ಹತ್ತಿರಹತ್ತಿರ ನೂರು ವರ್ಷ ಬದಲಾಗಲಿಲ್ಲ. ನೋಡಲು ಭಾರಿ, ಕಾಲನಿರ್ಣಯಕ್ಕೆ ದಂಡ.

ಅನೇಕ ಹೆಸರುಗಳು ತಯಾರಕರವೇ ಅಲ್ಲ. ಕಲ್ಕತ್ತೆಯ ಆರ್. ಬಿ. ರೋಡಾ, ಮದರಾಸಿನ ಪಿ. ಓರ್ ಅಂಡ್ ಸನ್ಸ್, ಇಂಡಿಯಾದಲ್ಲೂ ಮಳಿಗೆ ತೆರೆದ ಆರ್ಮಿ ಅಂಡ್ ನೇವಿ ಸಹಕಾರಿ ಸಂಘ ಮಾರಾಟಗಾರರು. ರೋಡಾ ನಮ್ಮ ಇತಿಹಾಸಕ್ಕೆ ಬೇರೆ ಕಾರಣಕ್ಕೆ ಗೊತ್ತು: 1914ರ ಆಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಅದರ 50 ಮೌಸರ್ ಪಿಸ್ತೂಲುಗಳನ್ನು ಸಾಗಿಸಿಬಿಟ್ಟರು. ಇಂಥ ಹೆಸರುಗಳಡಿಯ ರೈಫಲ್‌ಗಳನ್ನು ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಅನಾಮಿಕ ಕೈಗಳು ಮಾಡಿದವು. ಲಂಡನ್ ವಿಳಾಸದ ಎಷ್ಟೋ ಜೆಫ್ರಿಗಳೂ ಹಾಗೆಯೇ. ಮೇಲೆ ಲಂಡನ್ ಹೆಸರು, ಕೆಳಗೆ ಬರ್ಮಿಂಗ್‌ಹ್ಯಾಮ್ ಮುದ್ರೆ ಇದ್ದರೆ ಗುಟ್ಟು ರಟ್ಟು. ಅದರಿಂದ ರೈಫಲ್ ಕೀಳಾಗುವುದಿಲ್ಲ, ಬೆಲೆ ಹೇಳುವವನ ದನಿ ಮಾತ್ರ ಸ್ವಲ್ಪ ತಗ್ಗುತ್ತದೆ. ಕಿರೀಟದಡಿ ಅಂಡಾಕಾರದೊಳಗೆ ‘ಇಎಲ್‌ಜಿ’ ಕಂಡರಂತೂ ನಳಿಗೆ ಬೆಲ್ಜಿಯಂನ ಲಿಯೇಜಿನದು, ಮೇಲಿನ ಇಂಗ್ಲಿಷ್ ಹೆಸರನ್ನು ಅನುಮಾನದಿಂದಲೇ ನೋಡಬೇಕು.

ಈಗ ಎಲ್ಲವನ್ನೂ ಕೂಡಿಸಿ ಒಂದು ಲೆಕ್ಕ ಹಾಕೋಣ. ಒಂದು ರೈಫಲ್ ಕೈಗೆ ಬಂದಿದೆ ಎನ್ನಿ, ಅದರ ಮೇಲಿನ ಹೆಸರು ಆರ್ಮಿ ಅಂಡ್ ನೇವಿ ಸಹಕಾರಿ ಸಂಘದ್ದು. ಸಂಘ ಹುಟ್ಟಿದ್ದು 1871ರಲ್ಲಿ, ಹೆಸರಿನಿಂದ ‘ಸಹಕಾರಿ’ ಉದುರಿದ್ದು 1934ರಲ್ಲಿ. ಯಂತ್ರ ಬಾಕ್ಸ್‌ಲಾಕ್, ಪೇಟೆಂಟಿನ ಸಂಖ್ಯೆ ಇಲ್ಲ, ಆದ್ದರಿಂದ 1889ರ ನಂತರದ್ದು ಇರಬೇಕು. ಕಿರೀಟದ ‘ಎನ್‌ಪಿ’ ಇದೆ, ರಾಜದಂಡ ಇಲ್ಲ, ಹಾಗಾದರೆ 1904ರ ಈಚೆ. ಅಚ್ಚಿನಲ್ಲಿ .470 ಬಂದಿದೆ, 1907ರ ಈಚೆ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ 1921ರಿಂದ ವರ್ಷ ಸೂಚಿಸುವ ಪುಟ್ಟ ಅಕ್ಷರವನ್ನು ಒತ್ತತೊಡಗಿತು, ಇಲ್ಲಿ ಅದು ಕಾಣುತ್ತಿಲ್ಲ. ಅರವತ್ತು ವರ್ಷದ ಕಿಟಕಿ ಹದಿನಾಲ್ಕಕ್ಕೆ ಇಳಿಯಿತು. ಅದರಲ್ಲಿ 1914ರಿಂದ 1918ರವರೆಗೆ ಬಂದೂಕು ಕೆಲಸಗಾರರು ಬಹುಮಟ್ಟಿಗೆ ಯುದ್ಧದ ಕೆಲಸದಲ್ಲಿದ್ದುದರಿಂದ, ಮಹಾಯುದ್ಧಕ್ಕೆ ಮುಂಚಿನ ಏಳು ವರ್ಷಗಳ ಮೇಲೆ ಬೆರಳಿಡುವುದು ಹೆಚ್ಚು ಸರಿ.

ಇದಕ್ಕಿಂತ ಸೂಕ್ಷ್ಮವಾಗಿ ಹೇಳಲು ಅಂಗಡಿಯ ಲೆಕ್ಕದ ಪುಸ್ತಕವೇ ಬೇಕು. ಪರ್ಡಿ, ಹಾಲೆಂಡ್, ರಿಗ್ಬಿ, ವೆಸ್ಲಿ ರಿಚರ್ಡ್ಸ್ ಮನೆಗಳ ಹಳೆಯ ದಫ್ತರಗಳು ಉಳಿದಿವೆ. ರೈಫಲ್ಲಿನ ಕ್ರಮಸಂಖ್ಯೆ ಬರೆದು ಕಳಿಸಿದರೆ ಶುಲ್ಕ ಪಡೆದು ಗಿರಾಕಿಯ ಹೆಸರು, ನಳಿಗೆಯ ಉದ್ದ, ಹೊಂದಿಸಿದ ತೋಟಾದ ವಿವರಗಳನ್ನು ಹುಡುಕಿಕೊಡುವುದುಂಟು. ಆದರೆ ಅದಕ್ಕೂ ಮೊದಲು ನಳಿಗೆಯ ಮೇಲಿನ ಸಂಖ್ಯೆ, ಟ್ರಿಗರ್ ಕಾಪಿನ ಸಂಖ್ಯೆ, ಮುಂದಿನ ಮರದೊಳಗಿನ ಕಬ್ಬಿಣದ ಸಂಖ್ಯೆ ಮೂರೂ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಬೇಕು. ಬೇರೆಯಾಗಿದ್ದರೆ ಅಂಗಡಿಯಿಂದ ಬರುವ ಉತ್ತರ ಆ ರೈಫಲ್ಲಿನ ಯಾವ ತುಂಡಿನದು ಎಂಬ ಪ್ರಶ್ನೆ ಹೊಸದಾಗಿ ಎದ್ದು ಕೂರುತ್ತದೆ.